ಅಲ್ಲಾಡದ ಮುಳ್ಳು

ವಿಘ್ನ ಬರಬಾರದೆಂದು ಒಡೆದ ತೆಂಗಿನಕಾಯಿಯೇ ವಿಘ್ನವಾಗಿ ಬಂದರೆ ಮನುಷ್ಯ ಯಾವ ದೇವರ ಮುಂದೆ ದೂರು ಹೇಳಬೇಕು? ಗಂಗಾವತಿಯ ಗಾದಿಲಿಂಗಪ್ಪ ಸಾವ್ಕಾರರ ಅಕ್ಕಿ ಮಿಲ್ಲಿನಲ್ಲಿ ಬಿಸಿನೀರಿನ ಪಂಪು ನೋಡಿಕೊಳ್ಳುತ್ತಿದ್ದ ಓಬಳೆಪ್ಪನಿಗೆ ಅಮಾವಾಸ್ಯೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಹುಟ್ಟಿದ ಪ್ರಶ್ನೆ ಇದು.

ಆ ಮಿಲ್ಲಿನಲ್ಲಿ ಪ್ರತಿ ಅಮಾವಾಸ್ಯೆಗೂ ಪಂಪಿಗೆ ಪೂಜೆ. ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕೊನೆಗೆ ಪಂಪಿನ ಕಬ್ಬಿಣದ ಪೀಠಕ್ಕೆ ಕಾಯಿ ಒಡೆದು, ಆ ಕಾಯಿನೀರನ್ನು ಗೇಜಿನ ಮೇಲೆ ಧಾರೆಯಾಗಿ ಸುರಿಯಬೇಕು. ಗೇಜು ಎಂದರೆ ಕೊಳವೆಯ ಮೇಲೆ ಕೂತಿರುವ, ಗಡಿಯಾರದಂಥ ದುಂಡನೆಯ ಬಿಲ್ಲೆ. ಅದರೊಳಗಿನ ಒಂದೇ ಒಂದು ಮುಳ್ಳು ಕೊಳವೆಯ ನೀರಿನ ಒತ್ತಡ ಎಷ್ಟಿದೆ ಎಂದು ತೋರಿಸುತ್ತದೆ. ಆರು ವರ್ಷಗಳಲ್ಲಿ ಓಬಳೆಪ್ಪ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಅಂದು ಮಾತ್ರ ಭಕ್ತಿ ಒಂದು ತೂಕ ಹೆಚ್ಚಾಯಿತು. ಕಾಯಿ ಫಟ್ ಎಂದು ಒಡೆದು, ಅದರ ಅರ್ಧ ಹೋಳು ಚಿಮ್ಮಿ, ನೇರ ಹೋಗಿ ಗೇಜಿಗೆ ಬಡಿಯಿತು. ಗಾಜು ಚೂರಾಯಿತು. ಗೇಜಿನ ಕುತ್ತಿಗೆ ಸೀಳಿ ಬಿಸಿನೀರು ಚಿಳ್ ಎಂದು ಓಬಳೆಪ್ಪನ ಮೀಸೆಗೇ ಹಾರಿತು.

ಅವನ ಭಕ್ತಿ ಹೆಚ್ಚಾಗಲು ಕಾರಣವಿತ್ತು. ಸಾವ್ಕಾರರು ಇನ್ನೊಂದು ದೊಡ್ಡ ಪಂಪು ಕೊಳ್ಳುವವರಿದ್ದರು. ಅದನ್ನು ಮಾರುವ ಕಂಪನಿಯ ಇಂಜಿನಿಯರು ಅಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಬರುವವರಿದ್ದರು, ಹಳೆಯ ಪಂಪನ್ನೂ ಅದನ್ನು ನಡೆಸುವವನನ್ನೂ ನೋಡಿ ಹೋಗಲು. ಅವರು 'ಛಲೋ ಅದಾನ' ಎಂದರೆ ಓಬಳೆಪ್ಪನ ಕೆಲಸ ಖಾಯಂ. ಖಾಕಿ ಅಂಗಿ ಬರುತ್ತದೆ, ಪಂಪಿನ ಪಕ್ಕದಲ್ಲಿ ಕೈಯಿರುವ ಕುರ್ಚಿ ಬರುತ್ತದೆ. ಇಲ್ಲವೆಂದರೆ ಹೊಸ ಪಂಪಿನ ಜೊತೆಗೆ ಹುಬ್ಬಳ್ಳಿಯಿಂದಲೇ ಒಬ್ಬ ಆಪರೇಟರು ಬರುತ್ತಾನೆ, ಓಬಳೆಪ್ಪ ಚೀಲ ಹೊರಲು ಹೋಗಬೇಕು. ಅವನ ಹೆಂಡತಿ ಮಾರೆವ್ವ ಆಗಲೇ ಅಳವಂಡಿಯ ತವರಿಗೆಲ್ಲ ಸುದ್ದಿ ಮುಟ್ಟಿಸಿ, ಖಾಕಿ ಅಂಗಿಗೆಂದು ಗೋಡೆಗೆ ಒಂದು ಮೊಳೆ ಸಹ ಹೊಡೆದಿದ್ದಳು. ಆ ಖಾಲಿ ಮೊಳೆ ನಾಲ್ಕು ದಿನದಿಂದ ಅವನನ್ನು ದಿಟ್ಟಿಸುತ್ತಿತ್ತು.

ಓಬಳೆಪ್ಪನಿಗೆ ಧೈರ್ಯವಿತ್ತು, ಏಕೆಂದರೆ ಅವನು ಹೆಸರಾದವನು. ಒಲೆಯ ಮೇಲೆ ಕಾಯುವ ನೀರನ್ನು ಭತ್ತ ನೆನೆಯುವ ತೊಟ್ಟಿಗಳಿಗೆ ಸುತ್ತಿಸುವ ಪಂಪುಗಳು ಊರಿನ ಬೇರೆ ಮಿಲ್ಲುಗಳಲ್ಲೂ ಇದ್ದವು. ಅಲ್ಲೆಲ್ಲ ಗೇಜಿನ ಮುಳ್ಳು ಹತ್ತಕ್ಕೂ ಐವತ್ತಕ್ಕೂ ಕುಡಿದವನಂತೆ ಓಲಾಡುತ್ತಿತ್ತು. ಓಬಳೆಪ್ಪನ ಮುಳ್ಳು ಮಾತ್ರ ಇಪ್ಪತ್ತರ ಮೇಲೆ ನಿಂತಿತೆಂದರೆ ನಿಂತಿತು. ಸಾವ್ಕಾರರು ಬೀಗರು ಬಂದರೆ ಕರೆತಂದು ತೋರಿಸುತ್ತಿದ್ದರು. "ಮಸೀನಿಗೆ ನಮ್ಮ ಅಂಜಿಕಿ ಇರಬೇಕ್ರಿ. ಕೈಯಾಗ ಹಿಡಿತ ಇದ್ರ ಮುಳ್ಳು ಯಾಕ ಅಲ್ಲಾಡ್ತೈತಿ?" ಎಂದು ಓಬಳೆಪ್ಪ ಮೀಸೆ ತಿರುವುತ್ತಿದ್ದ.

ಈಗ ಆ ಮೀಸೆ ತೊಯ್ದು ಜೋತುಬಿದ್ದಿತ್ತು. ಗೇಜಿನ ಕೆಳಗಿನ ಸಣ್ಣ ನಲ್ಲಿಯನ್ನು ತಿರುಗಿಸಿ ಚಿಮ್ಮುವ ನೀರು ನಿಲ್ಲಿಸಿದ. ಒಡೆದ ಗೇಜನ್ನು ಬಿಚ್ಚಿ, ಅದರ ಮುಖ ನೋಡುವ ಧೈರ್ಯ ಸಾಲದೆ, ಗೋಣಿತಟ್ಟಿನಲ್ಲಿ ಸುತ್ತಿ ಚೀಲಗಳ ಹಿಂದೆ ತುರುಕಿದ. ಅಷ್ಟರಲ್ಲಿ ಮಿಲ್ಲಿನ ಫಿಟ್ಟರು ಶಬ್ಬೀರಸಾಬ ಬಂದು, ಬರಿದಾದ ಕೊಳವೆಯ ತುದಿ ನೋಡಿ ಎದೆಗೆ ಕೈ ಇಟ್ಟುಕೊಂಡ.

"ಯಾ ಅಲ್ಲಾ! ಗೇಜು ಎಲ್ಲಿ ಹೋತೋ?"

"ಕಾಯಿ ತಿಂತು ಸಾಬ್ರ. ಸಾವ್ಕಾರ್ರಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ. ಪಂಪ್ ಬಂದ್ ಮಾಡಲೇನ್ರಿ?"

"ಹುಚ್ಚದೀಯೇನು? ತೊಟ್ಟಿ ತುಂಬ ಆನೆಗೊಂದಿ ಭತ್ತ ನೆನ್ಯಾಕತ್ತೈತಿ. ನೀರು ಆರಿದ್ರ ಹುಳಿ ವಾಸನಿ ಹಿಡದು ಸಾವ್ಕಾರ್ರು ನಮ್ಮಿಬ್ಬರನ್ನೂ ನೆನಿ ಹಾಕ್ತಾರ. ಕಾಳಪ್ಪನ ಮಿಲ್ಲಿಗೆ ಓಡು. ಅವರದು ಇವತ್ತ ಅಮಾಸಿ ಸೂಟಿ. ಅವರ ಗೇಜೂ ನಮ್ಮದೂ ಒಂದ ನಮೂನಿ. ಬೇಡಿ ತಗೊಂಡ ಬಾ, ಸಂಜಿಗೆ ತಿರುಗಿ ಕೊಟ್ಟರಾತು."

"ಯಾರರ ನೋಡಿದ್ರ?"

"ಮಾಲಿ ಇಳಿಬಿಟ್ಟು ಮುಚ್ಚತೀನಿ. ದೇವರ ಮಾಲಿ ಮುಟ್ಟೂ ಧೈರ್ಯ ಯಾವ ಇಂಜಿನಿಯರಿಗೆ ಐತಿ? ನೀ ಹೋಗು!"

ಓಬಳೆಪ್ಪ ಸೈಕಲ್ಲಿನ ಕಡೆ ಓಡುವಾಗ ಎದುರಿಗೆ ಹುಲಗೆಮ್ಮ ಎರಡು ಕೊಡ ಹಿಡಿದು ಬಂದಳು. ಅಂಗಳ ಗುಡಿಸಿ ಭತ್ತ ಹರವುವ ಹೆಣ್ಣುಮಗಳು, ವಯಸ್ಸು ಐವತ್ತರ ಮೇಲೆ. ಅವಳಿಗೊಂದು ಚಟ. ಕೊಳವೆ ಗುಂಯ್ ಎಂದು ಹಾಡತೊಡಗಿದರೆ ಸಾಕು, ಎಲ್ಲಿದ್ದರೂ ಬಂದು, ಕೆಳಗಿನ ವಾಲ್ವು ತಿರುಗಿಸಿ ಎರಡು ಕೊಡ ಬಿಸಿನೀರು ಹಿಡಿದುಕೊಂಡು ಹೋಗುತ್ತಿದ್ದಳು. ಭತ್ತ ಹರವುವ ಹೆಂಗಸರು ಕೈಕಾಲು ತೊಳೆಯಲು, ಕಾಲುನೋವಿನ ಮುದುಕಿಯರು ಕಾಸಿಕೊಳ್ಳಲು, ಮೊಮ್ಮಗನಿಗೆ ಎರೆಯಲು. ದಿನಕ್ಕೆ ಆರೇಳು ಸಲ. ಓಬಳೆಪ್ಪ ಆರು ವರ್ಷದಿಂದ ಅವಳನ್ನು ನೀರುಗಳ್ಳಿ ಎಂದು ಬೈಯುತ್ತಲೇ ಬಂದಿದ್ದ. ಇಂದು ಇಂಜಿನಿಯರ ಮುಂದೆ ಒಂದು ಹನಿಯೂ ಸೋರಬಾರದೆಂದು ಬೆಳಗಾಗುತ್ತಲೇ ಆ ವಾಲ್ವಿನ ಚಕ್ರಕ್ಕೆ ತಂತಿ ಸುತ್ತಿ ಬಿಗಿದುಬಿಟ್ಟಿದ್ದ.

"ತಮ್ಮಾ, ವಾಲ್ವಿಗೆ ತಂತಿ ಕಟ್ಟೀಯಲ್ಲಪಾ? ಕೊಳವಿ ಹಾಡಾಕತ್ತೈತಿ, ಎರಡು ಕೊಡ ಬಿಡು."

"ಇವತ್ತ ಒಂದು ಹನಿ ಸುದ್ದಾ ಇಲ್ಲ! ನನ್ನ ಅನ್ನಕ್ಕ ಕಲ್ಲು ಹಾಕಬ್ಯಾಡ ಬೇ, ಆಚೆ ಹೋಗು!" ಎಂದವನೇ ಓಬಳೆಪ್ಪ ಪೆಡಲು ತುಳಿದ.

ಕಾಳಪ್ಪ ಕೆಲಸ ಮಾಡುವ ಮಿಲ್ಲು ಕನಕಗಿರಿ ರಸ್ತೆಯಲ್ಲಿತ್ತು. ಕಾಳಪ್ಪನೂ ಪಂಪು ನಡೆಸುವವನೇ. ಓಬಳೆಪ್ಪನ ಅಲ್ಲಾಡದ ಮುಳ್ಳಿನ ಕೀರ್ತಿ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡವನು. ವಿಷಯ ಕೇಳಿ ಅವನ ಮುಖ ಹಬ್ಬದ ಮನೆಯಂತಾಯಿತು. ಬೀಡಿ ಹಚ್ಚಿದ. ಎರಡನೆಯ ಸಲ ಹೇಳಿಸಿದ. ಮೂರನೆಯ ಸಲ, ಸೂಟಿಯೆಂದು ನೆರಳಲ್ಲಿ ಇಸ್ಪೀಟು ಆಡುತ್ತಿದ್ದ ಹಮಾಲರನ್ನೂ ಕರೆದು ಹೇಳಿಸಿದ. ಹನ್ನೊಂದು ಗಂಟೆಯ ಹೊತ್ತಿಗೆ ಕಡೆಗೂ ಮನಸ್ಸು ಕರಗಿ ಗೇಜು ಬಿಚ್ಚಿಕೊಟ್ಟ.

"ನೋಡಪಾ, ನಿನ್ನದು ಪತಿವ್ರತಾ ಗೇಜು. ನಂದು ಹಂಗಲ್ಲ, ಭಾಳ ಚಂಚಲ. ಒಂದೀಟು ಪ್ರೆಶರ್ ಏರಿದ್ರ ಜಿಗದು ಓಡ್ತೈತಿ."

"ಕೈಯಾಗ ಹಿಡಿತ ಇದ್ದವಗ ಯಾವ ಗೇಜಾದ್ರೇನಪಾ," ಎಂದ ಓಬಳೆಪ್ಪ. ಇಷ್ಟರಲ್ಲೂ ಅವನಿಗೆ ಆ ಮಾತು ಬಿಡಲಾಗಲಿಲ್ಲ.

ಗೇಜನ್ನು ರೊಟ್ಟಿಯ ಗಂಟಿನಲ್ಲಿ ಮುಚ್ಚಿಟ್ಟು ಹ್ಯಾಂಡಲಿಗೆ ಕಟ್ಟಿಕೊಂಡು ಬರುತ್ತಿದ್ದವನನ್ನು ಸರ್ಕಲ್ಲಿನಲ್ಲಿ ಪೊಲೀಸು ಗವಿಸಿದ್ದಪ್ಪ ತಡೆದ. ಗಂಟು ಸೈಕಲ್ಲಿಗೆ ಬಡಿದು ಟಣ್ ಟಣ್ ಎನ್ನುತ್ತಿದ್ದುದೇ ತಪ್ಪಾಯಿತು.

"ಏನಲೇ ಗಂಟಿನಾಗ?"

"ರೊಟ್ಟಿ ಪಲ್ಯ ರೀ."

"ನಿಮ್ಮ ಮನ್ಯಾಗ ರೊಟ್ಟಿ ಟಣ್ ಅಂತಾವೇನು?" ಗವಿಸಿದ್ದಪ್ಪ ಲಾಠಿಯಿಂದ ತಟ್ಟಿ ನೋಡಿ ಗಂಟು ಬಿಚ್ಚಿಸಿದ. "ಓಹೋ, ಗಡಿಯಾರ! ಯಾರ ಮನೀದು?"

"ಗಡಿಯಾರ ಅಲ್ರಿ ಸಾಹೇಬ್ರ, ಗೇಜು. ಪಂಪಿಂದು."

"ನಂಗ ಕಲಸ್ತೀಯಾ? ಸುತ್ತಲೂ ನಂಬರ್ ಅದಾವು, ನಡುವ ಮುಳ್ಳೈತಿ. ಇನ್ನೊಂದು ಮುಳ್ಳು ಎಲ್ಲಿ ಮಾರಿದಿ ಹೇಳು."

ಜನ ಕೂಡಿದರು. ಒಬ್ಬ, ನೂರರ ತನಕ ನಂಬರಿದ್ದರೆ ಅದು ಫಾರಿನ್ನಿನ ಗಡಿಯಾರವೇ ಇರಬೇಕು ಎಂದ. ಇನ್ನೊಬ್ಬ ಹಾಗಿದ್ದರೆ ಈಗ ಟೈಮು ಎಷ್ಟು ಎಂದು ಕೇಳಿದ. ಮುಳ್ಳು ಸೊನ್ನೆಯ ಮೇಲಿತ್ತು. ಓಬಳೆಪ್ಪ ಮಿಲ್ಲಿನ ದಿಕ್ಕಿಗೆ ನೋಡಿದ. ಅಲ್ಲಿ ಇಂಜಿನಿಯರು ಬಂದುಬಿಟ್ಟರೇನೋ, ಇಲ್ಲಿ ನೋಡಿದರೆ ಕಳ್ಳತನದ ಕೇಸು.

"ಇದರಾಗ ಗಾಳಿ ಒತ್ತಿದ್ರ ಮುಳ್ಳು ಏರತೈತ್ರಿ. ಬೇಕಾದ್ರ ಊದಿ ತೋರಸ್ತೀನಿ," ಎಂದು ಗೇಜಿನ ಕೊಳವೆಗೆ ಬಾಯಿ ಹಚ್ಚಿ ಊದಿದ. ಕೆನ್ನೆ ಬೋಂಡದಂತೆ ಉಬ್ಬಿತು, ಕಣ್ಣು ಕೆಂಪಾದವು, ಮುಳ್ಳು ಮಿಸುಕಲಿಲ್ಲ. ನೂರು ಪೌಂಡಿನ ಒತ್ತಡ ಅಳೆಯುವ ಗೇಜಿಗೆ ಬಡವನ ಉಸಿರು ಯಾವ ಲೆಕ್ಕ?

"ನಿನ್ನ ಕಣ್ಣು ಹೊರಗ ಬಂದುವು, ಮುಳ್ಳು ಅಲ್ಲಾಡಲಿಲ್ಲ," ಎಂದ ಗವಿಸಿದ್ದಪ್ಪ.

"ಮುಳ್ಳು ಅಲ್ಲಾಡದ್ದಕ್ಕ ನಾ ಹೆಸರಾದವನ್ರಿ!" ಎಂದು ಓಬಳೆಪ್ಪ ಅಳುವ ದನಿಯಲ್ಲಿ ಒದರಿದ.

ಕೊನೆಗೆ ಎದುರಿನ ಸೈಕಲ್ ಅಂಗಡಿಯ ಹನಮಪ್ಪ, ಹಚ್ಚುತ್ತಿದ್ದ ಪಂಕ್ಚರನ್ನು ಸಾವಕಾಶ ಮುಗಿಸಿ, ಕೈ ಒರೆಸಿಕೊಂಡು ಬಂದು, "ಅದು ಮಿಲ್ಲಿಂದು ಖರೇ ರೀ. ಬಿಡ್ರಿ ಪಾಪ," ಎಂದ. ಗವಿಸಿದ್ದಪ್ಪ ಬಿಟ್ಟ, ಆದರೆ ಸಾಕ್ಷಿಗೆಂದು ಎರಡು ರೊಟ್ಟಿ ಇಟ್ಟುಕೊಂಡ.

ಮಿಲ್ಲು ಮುಟ್ಟುವಾಗ ಹನ್ನೆರಡೂವರೆ. ಅಂಗಳದಲ್ಲಿ ಜೀಪು ನಿಂತಿತ್ತು. ಓಬಳೆಪ್ಪ ಸೈಕಲ್ಲು ಅಲ್ಲೇ ಕೆಡವಿ, ಗಂಟನ್ನು ಕಂಕುಳಲ್ಲಿ ಅವಚಿಕೊಂಡು ಓಡಿದ.

ಪಂಪುಮನೆಯ ಬಾಗಿಲಲ್ಲಿ ಸಾವ್ಕಾರರು, ಅವರ ಪಕ್ಕದಲ್ಲಿ ಕನ್ನಡಕದ ತೆಳ್ಳನೆಯ ಇಂಜಿನಿಯರು. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತವನು ಶಬ್ಬೀರಸಾಬ.

"ಪೂಜಿ ಅರ್ಧ ಆಗೈತ್ರಿ. ಆರತಿ ಆಗೂ ತನಕ ಮಾಲಿ ಮುಟ್ಟಿದ್ರ ಮಸೀನಿಗೆ ಕೇಡು," ಎಂದು ಅವನು ಶಾಸ್ತ್ರ ಹೇಳುತ್ತಿದ್ದ. ಓಬಳೆಪ್ಪನನ್ನು ಕಂಡು, "ಅಕಾ, ಪೂಜಾರಿ ಬಂದ!" ಎಂದು ಅವನನ್ನು ಒಳಗೆ ಎಳೆದುಕೊಂಡು, ಕೊಡ ಹಿಡಿದು ನಿಂತಿದ್ದ ಹುಲಗೆಮ್ಮನನ್ನೂ ಹಾಡಿಗೆಂದು ಒಳಗೆ ನೂಕಿ ಬಾಗಿಲು ಮುಚ್ಚಿದ.

ಮುಂದೆ ನಡೆದಂಥ ಪೂಜೆ ಆ ಊರಲ್ಲಿ ಹಿಂದೆ ನಡೆದಿರಲಿಲ್ಲ. ಓಬಳೆಪ್ಪ ನಟ್ಟು ಬಿಗಿಯುವ ಪಾನಾ ಹಿಡಿದು ಗೇಜು ಕೂಡಿಸತೊಡಗಿದ. ಕಬ್ಬಿಣದ ಸದ್ದು ಹೊರಗೆ ಕೇಳಬಾರದೆಂದು ಶಬ್ಬೀರಸಾಬ ಎರಡೂ ಕೈಯಿಂದ ಗಂಟೆ ಬಾರಿಸಿದ. "ಹಾಡಬೇ, ಜೋರಾಗಿ ಹಾಡು!" ಎಂದು ಹುಲಗೆಮ್ಮನಿಗೆ ಕಣ್ಣು ಬಿಟ್ಟ. ಅವಳು ಆರತಿ ಹಾಡು ಎತ್ತಿಕೊಂಡಳು, ಆದರೆ ನಡುನಡುವೆ ನಿಲ್ಲಿಸಿ ಕೊಳವೆಗೆ ಕಿವಿಗೊಡುತ್ತಿದ್ದಳು.

"ತಮ್ಮಾ, ಕೊಳವಿ ಹಾಡೂದು ಬಿಟ್ಟು ಅಳಾಕ ಹತ್ತೈತಿ. ಬೆಳಗಿಂದ ನೀರು ಬಿಟ್ಟಿಲ್ಲ. ಆ ತಂತಿ ಬಿಚ್ಚು."

"ನಿನ್ನ ನೀರಿನ ಆಸಿಗೆ ಬೆಂಕಿ ಹಚ್ಚಲಿ! ಹಾಡು ನೀ!"

ಕೊಳವೆ ನಿಜಕ್ಕೂ ನಡುಗುತ್ತಿತ್ತು. ಪಾನಾ ಹಿಡಿದ ಓಬಳೆಪ್ಪನ ಕೈಯೂ ನಡುಗುತ್ತಿದ್ದುದರಿಂದ ಯಾವುದು ಯಾವುದರ ನಡುಕವೆಂದು ಅವನಿಗೆ ತಿಳಿಯಲಿಲ್ಲ. ಕೊನೆಯ ಸುತ್ತು ಬಿಗಿದು, ಮಾಲೆ ಸರಿಮಾಡಿ, ಗೇಜಿನ ಕೆಳಗಿನ ಸಣ್ಣ ನಲ್ಲಿ ತೆರೆದ. ಬಾಗಿಲು ತೆರೆಯಿತು.

"ನೋಡ್ರಿ ಸಾಹೇಬ್ರ," ಎಂದರು ಸಾವ್ಕಾರರು ಎದೆಯುಬ್ಬಿಸಿ, "ಆರು ವರ್ಷ ಆತು, ನಮ್ಮ ಓಬಳೆಪ್ಪನ ಮುಳ್ಳು ಇಪ್ಪತ್ತು ಬಿಟ್ಟು ಕದಲಿಲ್ಲ!"

ಇಂಜಿನಿಯರು ಮಾಲೆಯನ್ನು ಮೆಲ್ಲಗೆ ಸರಿಸಿದರು.

ಮುಳ್ಳು ಐವತ್ತೈದರ ಮೇಲಿತ್ತು.

ಎಲ್ಲರೂ ನೋಡುತ್ತಿದ್ದಂತೆ ಐವತ್ತೆಂಟಾಯಿತು. ಅರವತ್ತರ ಹತ್ತಿರ ಒಂದು ಕೆಂಪು ಗೆರೆಯಿತ್ತು. ಮುಳ್ಳು ಆ ಗೆರೆಯನ್ನು ಮುಟ್ಟಿ, ಕ್ಷಣ ಹೊತ್ತು ನಡುಗಿ, ದಾಟಿತು. ಕಾಳಪ್ಪನ ಗೇಜು ಚಂಚಲ, ಇದು ಅದರ ಗುಣ, ಎಂದು ಓಬಳೆಪ್ಪ ಮನಸ್ಸಿನಲ್ಲೇ ಜಪಿಸಿದ. ಬಾಯಿ ಬಿಟ್ಟು ಹೇಳುವಂತಿಲ್ಲ. ಹೇಳಿದರೆ ಗೇಜು ಬೇಡಿ ತಂದದ್ದು ಹೊರಬೀಳುತ್ತದೆ, ಕುರ್ಚಿ ಹೋಗುತ್ತದೆ.

"ಮ್ಯಾಲಿನ ಸೇಫ್ಟಿ ವಾಲ್ವು ಯಾಕ ಬಿಡವಲ್ತು?" ಎಂದರು ಇಂಜಿನಿಯರು. ದನಿ ಬದಲಾಗಿತ್ತು. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳಬೇಕಾದ ಆ ವಾಲ್ವು ಉಪ್ಪುನೀರಿಗೆ ಬೆಳ್ಳಗೆ ಗಾರೆಗಟ್ಟಿ ಕಲ್ಲಾಗಿ ಕೂತಿತ್ತು. ಅದರ ಮೇಲೂ ವಿಭೂತಿ ಮೂರು ಬೆರಳು ಬಳಿದಿತ್ತು.

ಅರವತ್ತೈದು. ಕೊಳವೆಯ ಒಂದು ಜೋಡಣೆ ಸುಂಯ್ ಎಂದು ಹಬೆ ಉಗುಳಿತು.

"ಬೆಂಕಿ ಎಳೀರಿ! ಎಲ್ಲಾರೂ ಹೊರಗ ಓಡ್ರಿ!"

ಸಾವ್ಕಾರರು ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಅಂಗಳದ ಆ ತುದಿಗೆ ಹೋಗಿ ನಿಂತರು. ಶಬ್ಬೀರಸಾಬ ಗಂಟೆ ಹಿಡಿದುಕೊಂಡೇ ಒಲೆಯ ಬೆಂಕಿ ಎಳೆಯಲು ಓಡಿದ. ಓಬಳೆಪ್ಪ ಮಾತ್ರ ಗೇಜಿನ ಮುಂದೆಯೇ ನಿಂತುಬಿಟ್ಟ. ಅವನಿಗೆ ಆಗ ನಿಜವಾದ ಭಯ ಹುಟ್ಟಿತು. ಕುರ್ಚಿಯಲ್ಲ, ಅಂಗಿಯಲ್ಲ, ಅಂಗಳದಲ್ಲಿ ಭತ್ತ ಹರವುತ್ತಿದ್ದ ಇಪ್ಪತ್ತು ಹೆಂಗಸರು ಕಣ್ಣ ಮುಂದೆ ಬಂದರು. ಅರವತ್ತೆಂಟು.

"ಸರಿ ಅತ್ತಾಗ!" ಎಂದು ಯಾರೋ ಅವನನ್ನು ಬದಿಗೆ ನೂಕಿದರು.

ಹುಲಗೆಮ್ಮ. ಶಬ್ಬೀರಸಾಬನ ಚೀಲದಿಂದ ಇಕ್ಕಳ ತೆಗೆದು ತಂತಿ ಕತ್ತರಿಸಿದಳು. ಸೆರಗಿನಿಂದ ಹಿಡಿದು ಕೆಳಗಿನ ವಾಲ್ವಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಬಿಸಿನೀರು ಬುಸ್ ಎಂದು ಮೋರಿಗೆ ನುಗ್ಗಿತು. ಅರವತ್ತು. ನಲವತ್ತೈದು. ಮೂವತ್ತು. ರಭಸ ಇಳಿದ ಮೇಲೆ ಅವಳು ಕೊಡಗಳನ್ನು ಒಂದರ ಹಿಂದೊಂದು ನಳಿಗೆಯ ಕೆಳಗೆ ಹಿಡಿದಳು. ಎರಡನೆಯ ಕೊಡ ತುಂಬುವ ಹೊತ್ತಿಗೆ ಮುಳ್ಳು ಇಪ್ಪತ್ತಕ್ಕೆ ಬಂದು ನಿಂತಿತು. ವಾಲ್ವು ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಬಾಗಿಲಲ್ಲೇ ನಿಂತಿದ್ದ ಇಂಜಿನಿಯರು ಕನ್ನಡಕ ತೆಗೆದು, ಹಬೆ ಒರೆಸಿ, ಮತ್ತೆ ಹಾಕಿಕೊಂಡರು. "ಎಲ್ಲಾ ಕಡೆ ಕುಂಕುಮ ಐತಿ, ಈ ಗೇಜಿಗೆ ಇಲ್ಲ. ಹೊಸದಾಗಿ ಕೂಡಿಸೀರಿ. ಹಳೇದು ಎಲ್ಲೈತಿ?"

ಓಬಳೆಪ್ಪ ಸೂರು ನೋಡಿದ. ಹುಲಗೆಮ್ಮ, ಬೆಳಿಗ್ಗೆ ಗುಡಿಸುವಾಗ ಕಂಡಿದ್ದ ಗೋಣಿತಟ್ಟಿನ ಗಂಟನ್ನು ಚೀಲಗಳ ಹಿಂದಿನಿಂದ ತಂದು ಅವರ ಮುಂದಿಟ್ಟಳು. ಬಿಚ್ಚಿದರು. ಗಾಜಿಲ್ಲ, ಕುತ್ತಿಗೆ ಸೀಳಿದೆ, ಕೊಳವೆಯಿಂದ ಕಿತ್ತು ಮೂರೂವರೆ ತಾಸಾಗಿದೆ. ಆದರೂ ಮುಳ್ಳು ಇಪ್ಪತ್ತರ ಮೇಲೆಯೇ ಇತ್ತು.

ಒಂದು ಗಳಿಗೆ ಓಬಳೆಪ್ಪನಿಗೆ ಹೆಮ್ಮೆಯೇ ಆಯಿತು. ಮರುಗಳಿಗೆ, ಮೀಸೆಗೆ ಹೋಗಿದ್ದ ಕೈ ಕೆಳಗಿಳಿಯಿತು.

"ರಾತ್ರಿ ಪಂಪ್ ಬಂದ್ ಮಾಡಿದಾಗ ಮುಳ್ಳು ಎಲ್ಲಿ ಇರತಿತ್ತು?" ಎಂದು ಕೇಳಿದರು ಇಂಜಿನಿಯರು.

"ಇಪ್ಪತ್ತಕ್ಕ ರೀ."

"ಬೆಂಕಿ ಪೂರ್ತಿ ಆರಿದ ಮ್ಯಾಲೆ?"

"ಇಪ್ಪತ್ತ ರೀ... ನೀರಿನಾಗ ಇನ್ನೂ ಹುಮ್ಮಸ್ಸು ಉಳದಿರತೈತಿ ಅಂತ ತಿಳದಿದ್ದೆ."

ಇಂಜಿನಿಯರು ಉಗುರಿನಿಂದ ಮುಳ್ಳನ್ನು ಕೆರೆದರು. ಕೆಂಪು ಪುಡಿ ಉದುರಿತು, ಅರ್ಧ ತುಕ್ಕು, ಅರ್ಧ ಕುಂಕುಮ. "ಕಾಯಿನೀರು ಗೇಜಿನ ಮ್ಯಾಲೆ ಸುರೀತಿದ್ರೇನು? ಸಂದಿಲೆ ಒಳಗ ಇಳದು ಮುಳ್ಳು ತುಕ್ಕು ಹಿಡದು ಅಂಟೇತಿ. ನೀವು ಇಷ್ಟು ವರ್ಷ ಗೇಜು ನೋಡಿಲ್ಲ, ಚಿತ್ರ ನೋಡೀರಿ."

ಅಂಗಳದ ಆ ತುದಿಯಿಂದ ಸಾವ್ಕಾರರು ಒಂದೇ ಚಪ್ಪಲಿಯಲ್ಲಿ ಹಿಂದಿರುಗಿದ್ದರು. "ಹಂಗಾದ್ರ ಆರು ವರ್ಷ ನಮ್ಮ ಮಿಲ್ಲು ಹೆಂಗ ಉಳೀತು ಸಾಹೇಬ್ರ?"

ಇಂಜಿನಿಯರು ಹುಲಗೆಮ್ಮನ ಕೊಡಗಳತ್ತ ನೋಡಿದರು. "ಏನವ್ವಾ, ನೀರು ಯಾವಾಗ ಬಿಡಬೇಕು ಅಂತ ನಿನಗ ಹೆಂಗ ತಿಳೀತಿತ್ತು?"

ಹುಲಗೆಮ್ಮ ನಾಚಿದಳು. ಕಳ್ಳತನ ಸಿಕ್ಕಿಬಿತ್ತೆಂದೇ ಅವಳ ಎಣಿಕೆ. "ತಪ್ಪಾತ್ರಿ ಯಪ್ಪಾ. ಕೊಳವಿ ಹಾಡಾಕ ಹತ್ತಿದಾಗ ಬಿಟ್ರ ಕೊಡ ಜಲ್ದಿ ತುಂಬತಾವ್ರಿ, ಅದಕ್ಕ. ಹಾಡೂದು ನಿಂತ ಕೂಡ್ಲೆ ಬಂದ್ ಮಾಡ್ತಿದ್ದೆ. ಓಬಳೆಪ್ಪ ಬೈತಿದ್ದ, ನಾನ ಕೇಳ್ತಿದ್ದಿಲ್ಲ."

"ಕೇಳದಿದ್ದದ್ದ ಛಲೋ ಆತು," ಎಂದರು ಇಂಜಿನಿಯರು. "ಸಾವ್ಕಾರ್ರ, ನಿಮ್ಮ ಪಂಪ್ ಆಪರೇಟರ್ ಛಲೋ ಅದಾರ. ನಮ್ಮ ಹೊಸ ಪಂಪ್ ಕೊಡಾಕ ನಂದೇನೂ ಅಡ್ಡಿ ಇಲ್ಲ."

ಓಬಳೆಪ್ಪನ ಮುಖ ಅರಳಿತು. ಆಮೇಲೆ ಅವರ ಬೆರಳು ಯಾರ ಕಡೆ ಇದೆಯೆಂದು ನೋಡಿದ.

ಸಾವ್ಕಾರರು ವ್ಯಾಪಾರಸ್ಥರು. ತಾವು ಬಿಟ್ಟು ಓಡಿದ ಮಿಲ್ಲಿನೊಳಗೆ ನಿಂತುಕೊಂಡವಳು ಯಾರೆಂಬುದನ್ನು ಮರೆಯುವಷ್ಟು ದಡ್ಡರಲ್ಲ. ಅಲ್ಲೇ ನಿಂತು, ಪಂಪಿನ ಕೆಲಸ ಇಂದಿನಿಂದಲೇ ಹುಲಗೆಮ್ಮನಿಗೆ ಖಾಯಂ ಎಂದುಬಿಟ್ಟರು. ಅವಳು ಗಾಬರಿಯಾಗಿ, "ನನಗ ಗೇಜು ಓದಾಕ ಬರೂದಿಲ್ರಿ ಯಪ್ಪಾ!" ಎಂದಳು.

"ಓಬಳೆಪ್ಪಗ ಬರತೈತಲ್ಲ," ಎಂದರು ಸಾವ್ಕಾರರು. "ಆಂವ ನಿನ್ನ ಕೈಕೆಳಗ ಇರ್ಲಿ, ಓದಿ ಹೇಳ್ತಾನ. ಓಬಳೆಪ್ಪಾ, ಅಷ್ಟರ ಮಾಡು ಲೇ."

ಹೊಟ್ಟೆಪಾಡು ಉಳಿಯಿತು, ಮಾನ ಉಳಿಯಲಿಲ್ಲ. ಸಂಜೆಯ ಹೊತ್ತಿಗೆ ಆಫೀಸಿನಿಂದ ಕೈಯಿರುವ ಕುರ್ಚಿ ಬಂತು. ಹುಲಗೆಮ್ಮ ಅದರಲ್ಲಿ ಕೂರಲು ಒಪ್ಪದೆ, ಕೊಡಗಳನ್ನು ಅದರ ಮೇಲಿಟ್ಟು ತಾನು ನೆಲಕ್ಕೆ ಕೂತಳು. ಖಾಕಿ ಅಂಗಿಯೂ ಬಂತು. ಅದನ್ನು ಮಡಚಿ, ವಾಲ್ವು ತಿರುಗಿಸುವಾಗ ಕೈ ಸುಡದಂತೆ ಹಿಡಿಯಲು ಛಲೋ ಆಯಿತು ಎಂದು ತೊಡೆಯ ಮೇಲೆ ಇಟ್ಟುಕೊಂಡಳು. ಓಬಳೆಪ್ಪನಿಗೆ ಮನೆಯ ಗೋಡೆಯ ಖಾಲಿ ಮೊಳೆ ನೆನಪಾಯಿತು. ಅವನು ತನ್ನ ಹಳೆಯ ಚೀಲದ ಮೇಲೆ, ಇನ್ನೂ ತಿರುಗಿ ಕೊಡದಿದ್ದ ಕಾಳಪ್ಪನ ಗೇಜಿನ ಎದುರು, ಮೊದಲಿನ ಜಾಗದಲ್ಲೇ ಕೂತ.

ಕೊಳವೆ ಗುಂಯ್ ಎಂದಿತು.

"ಎಷ್ಟೈತಿ ನೋಡು ತಮ್ಮಾ," ಎಂದಳು ಹುಲಗೆಮ್ಮ.

ಮುಳ್ಳು ಮೂವತ್ತೆಂಟರ ಮೇಲೆ ಕುಣಿಯುತ್ತಿತ್ತು. ಓಬಳೆಪ್ಪ ಕಣ್ಣರಳಿಸಿ ನೋಡಿದ. ಆದರೆ ಆರು ವರ್ಷದ ಬಾಯಿ, ಅವನನ್ನು ಕೇಳದೆಯೇ ಹೇಳಿಬಿಟ್ಟಿತು:

"ಇಪ್ಪತ್ತು."

ಹುಲಗೆಮ್ಮ ಗೇಜನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಕೊಳವೆಯ ಮೇಲೆ ಅಂಗೈ ಇಟ್ಟು ನೋಡಿ, ಕುರ್ಚಿಯ ಮೇಲಿನ ಕೊಡ ಎತ್ತಿಕೊಂಡು, ಖಾಕಿ ಅಂಗಿಯಲ್ಲಿ ವಾಲ್ವು ಹಿಡಿದು ತಿರುಗಿಸಿದಳು.